ನಿಮಗಿದು ಗೊತ್ತೇ? ವಾಣಿಜ್ಯದ ಜೊತೆಗೊಂದಿಷ್ಟು ತತ್ತ್ವಶಾಸ್ತ್ರ

ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಹೇಳುತ್ತಿದ್ದ ಪಾಠ ಯಾವುದು? 1751ರಲ್ಲಿ ತರ್ಕಶಾಸ್ತ್ರ, ಮರುವರ್ಷದಿಂದ ನೀತಿಶಾಸ್ತ್ರ! 'ದ ವೆಲ್ತ್ ಆಫ್ ನೇಷನ್ಸ್' ಬಂದದ್ದು 1776ರಲ್ಲಿ. ಅದಕ್ಕೂ 17 ವರ್ಷ ಮೊದಲೇ ಅವರು 'ದ ಥಿಯರಿ ಆಫ್ ಮಾರಲ್ ಸೆಂಟಿಮೆಂಟ್ಸ್' ಬರೆದಿದ್ದರು. ಇದನ್ನು ಮುಟ್ಟದೆ ಅದನ್ನಷ್ಟೇ ಉದಾಹರಿಸುವುದು ಸ್ಮಿತ್‌ಗೆ ಮಾಡುವ ಅನ್ಯಾಯ.

ಕೌಟಿಲ್ಯ ತನ್ನ 'ಅರ್ಥಶಾಸ್ತ್ರ' ಗ್ರಂಥದಲ್ಲಿ ಹೇಳುವ ವಿದ್ಯೆಗಳು ನಾಲ್ಕು. ಮೊದಲನೆಯದು ಆನ್ವೀಕ್ಷಕಿ, ಅಂದರೆ ಸಾಂಖ್ಯ, ಯೋಗ, ಲೋಕಾಯತಗಳ ವಿಚಾರ. ಬೇಸಾಯ, ಪಶುಪಾಲನೆ, ವ್ಯಾಪಾರ ಸೇರಿದ್ದು 'ವಾರ್ತಾ'. ಉಳಿದೆರಡು ವೇದ ಮತ್ತು ದಂಡನೀತಿ. ರಾಜಕುಮಾರ ತತ್ತ್ವವನ್ನು ಶಿಷ್ಟರಿಂದ ಕಲಿಯಬೇಕು, ವ್ಯಾಪಾರವನ್ನು ಆಯಾ ಇಲಾಖೆಯ ಅಧ್ಯಕ್ಷರಿಂದ. ಎರಡೂ ಒಬ್ಬನಿಗೇ!

ಈ 'ಅರ್ಥಶಾಸ್ತ್ರ'ದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ನಮ್ಮ ಬಿಕಾಂ, ಬಿಬಿಎ ತರಗತಿಗಳಲ್ಲಿ ಈ ಹೆಸರು ಕೇಳಿಬರಬೇಕು.

ತತ್ತ್ವಜ್ಞಾನದಿಂದ ಹೊಟ್ಟೆ ತುಂಬದು ಎಂಬ ಮಾತು ಪ್ರಾಚೀನ ಗ್ರೀಕ್ ದಾರ್ಶನಿಕ ಥೇಲಿಸ್‌ಗೂ ತಪ್ಪಲಿಲ್ಲ. ಆಲಿವ್ ಬೆಳೆ ಚೆನ್ನಾಗಿ ಬರಲಿದೆ ಎಂದು ಊಹಿಸಿದ ಆತ, ಚಳಿಗಾಲದಲ್ಲೇ ಎಣ್ಣೆಗಾಣಗಳಿಗೆಲ್ಲ ಅಗ್ಗದಲ್ಲಿ ಮುಂಗಡ ಕೊಟ್ಟಿಟ್ಟ. ಸುಗ್ಗಿಯಲ್ಲಿ ತಾನು ಹೇಳಿದ ಬಾಡಿಗೆಗೆ ಬಿಟ್ಟು ಹಣ ಮಾಡಿದ. ಕತೆ ಅರಿಸ್ಟಾಟಲನ 'ಪಾಲಿಟಿಕ್ಸ್'ನಲ್ಲಿದೆ. ಮುಂದೆ ಕೊಳ್ಳುವ ಇಲ್ಲವೇ ಮಾರುವ ಹಕ್ಕನ್ನು ಮೊದಲೇ ಹಣ ಕೊಟ್ಟು ಪಡೆಯುವ ಷೇರುಪೇಟೆಯ 'ಆಪ್ಷನ್ಸ್' ವ್ಯವಹಾರಕ್ಕೆ ಇದನ್ನೇ ಹಳೆಯ ಉದಾಹರಣೆಯಾಗಿ ಕೊಡುತ್ತಾರೆ.

ಆಕ್ಸ್‌ಫರ್ಡ್‌ನಲ್ಲಿ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಮೂರೂ ಸೇರಿದ 'ಪಿಪಿಇ' ಪದವಿ ಆರಂಭವಾದದ್ದು 1920ರ ದಶಕದ ಹೊಸ್ತಿಲಲ್ಲಿ.

ಕಂಪನಿಯ ಹೊಣೆ ಷೇರುದಾರರಿಗಷ್ಟೇ ಅಲ್ಲ. ಕೆಲಸಗಾರರು, ಗ್ರಾಹಕರು, ಸುತ್ತಲಿನ ಊರಿನವರೂ ಲೆಕ್ಕಕ್ಕೆ ಬರಬೇಕು. ಎಂಬಿಎ ವಿದ್ಯಾರ್ಥಿಗಳು 'ಸ್ಟೇಕ್‌ಹೋಲ್ಡರ್' ಎಂದು ಓದುವ ಈ ವಿಚಾರಕ್ಕೆ 1984ರಲ್ಲಿ ಪುಸ್ತಕರೂಪ ಕೊಟ್ಟ ಎಡ್ವರ್ಡ್ ಫ್ರೀಮನ್ ಡಾಕ್ಟರೇಟ್ ಪಡೆದದ್ದು ತತ್ತ್ವಶಾಸ್ತ್ರದಲ್ಲಿ. ಲಾಭ ಯಾರಿಗಾಗಿ ಎಂದು ಕೇಳಲು ಅಂಥ ಓದೇ ಬೇಕಾಯಿತು!

ಹೂಡಿಕೆದಾರ ಕಾರ್ಲ್ ಐಕಾನ್ ಪ್ರಿನ್ಸ್‌ಟನ್‌ನಲ್ಲಿ ಓದಿದ್ದು ತತ್ತ್ವಶಾಸ್ತ್ರ. ಲಂಡನ್ನಿನಲ್ಲಿ ಓದಿದ ಇನ್ನೊಬ್ಬ ಹೂಡಿಕೆದಾರ ಜಾರ್ಜ್ ಸೋರೋಸ್ ಮೇಲೆ ದಾರ್ಶನಿಕ ಕಾರ್ಲ್ ಪಾಪರ್ ಪ್ರಭಾವ ದೊಡ್ಡದು. ಕಚೇರಿ ಸಂದೇಶಗಳ ಆ್ಯಪ್ 'ಸ್ಲ್ಯಾಕ್'ನ ಸ್ಥಾಪಕರಲ್ಲೊಬ್ಬರಾದ ಸ್ಟೂವರ್ಟ್ ಬಟರ್‌ಫೀಲ್ಡ್ ಅವರದು ತತ್ತ್ವಶಾಸ್ತ್ರದಲ್ಲೇ ಎರಡು ಪದವಿ.

ಹಾಗೆಂದು ತತ್ತ್ವಶಾಸ್ತ್ರ ಓದಿದ್ದರಿಂದಲೇ ಇವರಿಗೆ ಸಿರಿ ಬಂತು ಎನ್ನಬಹುದೇ? ಕೂಡದು. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು ಎಂಬ ಕಾಕತಾಳೀಯ ನ್ಯಾಯ ಎಚ್ಚರಿಸುವುದು ಇದನ್ನೇ. ಜಾಹೀರಾತು ಬಂದ ತಿಂಗಳಲ್ಲೇ ಮಾರಾಟ ಏರಿತು. ಕಾರಣ ಜಾಹೀರಾತೋ, ದೀಪಾವಳಿಯೋ? ಹೀಗೆ ತಡೆದು ಕೇಳುವ ಅಭ್ಯಾಸ ತರ್ಕಶಾಸ್ತ್ರದ ಪಾಠದಲ್ಲಿ ಬೆಳೆಯುತ್ತದೆ. ಲಕ್ಷಾಂತರ ರೂಪಾಯಿಯ ತೀರ್ಮಾನ ಮಾಡುವವರಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ನನಗಂತೂ ತೋಚದು.

ಬಿಸಿನೆಸ್ ಪದವಿಯ ಓದಿನಲ್ಲಿ ಮಾನವಿಕ ವಿಷಯಗಳನ್ನು ಬೆಸೆಯಬೇಕೆಂದು ಅಮೆರಿಕದ ಕಾರ್ನೆಗಿ ಪ್ರತಿಷ್ಠಾನದ ಅಧ್ಯಯನ 2011ರಲ್ಲೇ ಒತ್ತಿ ಹೇಳಿತು.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಬಿಕಾಂ, ಬಿಬಿಎಗೆ ಸೇರುತ್ತಿದ್ದರೆ ಐಚ್ಛಿಕ ವಿಷಯಗಳ ಪಟ್ಟಿ ನೋಡಿ. ತರ್ಕಶಾಸ್ತ್ರವಿದ್ದರೆ ಮೊದಲು ಅದಕ್ಕೆ ಹೆಸರು ಕೊಡಿಸಿ.