ಸಬಲೀಕರಣದ ಕರ್ತೃ ಯಾರು?: ಅಂತರರಾಷ್ಟ್ರೀಯ ಸ್ವಯಂಸೇವೆ ಮತ್ತು ಹೆಣ್ಣಿನ ಬಡತನ

ಮಹಿಳೆ ಮತ್ತು ಅಭಿವೃದ್ಧಿಯನ್ನು ಕುರಿತ ಕನ್ನಡದ ಬರವಣಿಗೆಯಲ್ಲಿ ‘ಸಬಲೀಕರಣ’ ಎಂಬ ಪದ ಯಾವ ವಿವರಣೆಯನ್ನೂ ಬೇಡದಷ್ಟು ರೂಢಿಗೊಂಡಿದೆ. ಆದರೆ ಅದರ ರಚನೆಯನ್ನು ಗಮನಿಸಿದರೆ ಒಂದು ತೊಡಕು ಎದುರಾಗುತ್ತದೆ. ಇದು ಸಂಸ್ಕೃತ ವೈಯಾಕರಣರು ಹೇಳುವ ಚ್ವಿ ಪ್ರತ್ಯಯದಿಂದ ಸಿದ್ಧಿಸಿದ ರೂಪ. ಅಭೂತತದ್ಭಾವ, ಎಂದರೆ ಮೊದಲು ಹಾಗಿಲ್ಲದ್ದು ಹಾಗಾಗುವುದು, ಈ ಪ್ರತ್ಯಯದ ಅರ್ಥ. ‘ಶುದ್ಧೀಕರಣ’ ಎಂದೊಡನೆ ವಸ್ತುವು ಅಶುದ್ಧವಾಗಿತ್ತೆಂದು ಒಪ್ಪಿಕೊಂಡಂತಾಗುವ ಹಾಗೆ, ‘ಸಬಲೀಕರಣ’ ಎಂದೊಡನೆ ಹೆಣ್ಣು ಅಬಲೆಯೆಂಬ ಹಳೆಯ ಮಾತು ಹಿಂಬಾಗಿಲಿನಿಂದ ಒಳಬರುತ್ತದೆ. ಅಷ್ಟೇ ಅಲ್ಲ, ‘ಕರಣ’ ಎಂಬ ಉತ್ತರಪದವು ಬಲ ತುಂಬುವ ಕರ್ತೃವೊಬ್ಬನನ್ನು ಹೊರಗಿನಿಂದ ಬೇಡುತ್ತದೆ. ಘನೀಕರಣದ ಜೊತೆಗೆ ಘನೀಭವನವೂ ಭಾಷೆಯಲ್ಲಿ ಇರುವಂತೆ ‘ಸಬಲೀಭವನ’ ಎಂಬ ರೂಪಕ್ಕೂ ವ್ಯಾಕರಣದ ಅಡ್ಡಿಯಿಲ್ಲ; ಅದು ಬಳಕೆಗೆ ಮಾತ್ರ ಬರಲಿಲ್ಲ.

ಇದು ಬರಿಯ ಪದಚರ್ಚೆಯಲ್ಲ. ಒಂದು ದೇಶದವರು ಮತ್ತೊಂದು ದೇಶಕ್ಕೆ ಹೋಗಿ ಅಲ್ಲಿನ ಸಂಕಷ್ಟದ ನಡುವೆ ಸ್ವಇಚ್ಛೆಯಿಂದ ದುಡಿಯುವ ಪದ್ಧತಿಗೆ ನೂರು ವರ್ಷ ದಾಟಿದೆ. ಆ ಇತಿಹಾಸದುದ್ದಕ್ಕೂ ತೊಡಕಾಗಿ ಉಳಿದಿರುವುದು ಈ ಕರ್ತೃವಿನ ಪ್ರಶ್ನೆಯೇ. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ 1920ರಲ್ಲಿ, ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಹಲವು ದೇಶಗಳ ಜನರನ್ನು ಕೂಡಿಸಿದರು. 1934ರ ಬಿಹಾರ ಭೂಕಂಪದ ನಂತರ ಅವರು ಭಾರತಕ್ಕೂ ಬಂದರು. 1958ರಲ್ಲಿ ಬ್ರಿಟನ್ನಿನ ವಿ.ಎಸ್.ಓ., 1961ರಲ್ಲಿ ಅಮೆರಿಕದ ಪೀಸ್ ಕೋರ್, 1970ರಲ್ಲಿ ಸಾಮಾನ್ಯ ಸಭೆಯ ನಿರ್ಣಯದಿಂದ ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ ರೂಪುಗೊಂಡವು. ಇವುಗಳ ಆರಂಭದ ಕಲ್ಪನೆಯಲ್ಲಿ ಬಡವ ಇದ್ದ. ಬಡವಿ ಇನ್ನೂ ಪ್ರತ್ಯೇಕವಾಗಿ ಕಾಣಿಸಿಕೊಂಡಿರಲಿಲ್ಲ.

ಸಂಸ್ಥಾರೂಪದ ಈ ಸ್ವಯಂಸೇವೆ ಭಾರತವನ್ನು ತಲುಪುವ ಮೊದಲೇ ಕರ್ನಾಟಕದ ಕರಾವಳಿಯಲ್ಲಿ ನಡೆದ ಒಂದು ಪ್ರಸಂಗ ಇಲ್ಲಿ ಪ್ರಸ್ತುತವಾಗುತ್ತದೆ. ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. ತಮ್ಮ ನಾಡಿನಲ್ಲಿ ಮಹಿಳಾ ಮತದಾನದ ಹಕ್ಕಿಗಾಗಿ ಹೋರಾಡಿ ಸೆರೆವಾಸ ಕಂಡವರು ಅವರು. 1917ರಲ್ಲಿ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘದ ಸ್ಥಾಪನೆಯಲ್ಲಿ ಮುಂದಾಳಾದರು. 1919-20ರ ಸುಮಾರಿಗೆ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಇಂದಿನ ಅರ್ಥದಲ್ಲಿ ಅವರನ್ನು ಸ್ವಯಂಸೇವಕಿ ಎನ್ನಲಾಗದು. ಯಾವ ಸರ್ಕಾರವೂ ಅವರನ್ನು ಕಳುಹಿಸಿರಲಿಲ್ಲ, ಹಿಂತಿರುಗುವ ದಿನವೂ ಗೊತ್ತಾಗಿರಲಿಲ್ಲ. ಆದರೆ ಹೊರಗಿನಿಂದ ಬಂದವಳು ಯಾವ ಸ್ಥಾನದಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಅವರಷ್ಟು ದೀರ್ಘಕಾಲ ಬಾಳಿ ತೋರಿದವರು ವಿರಳ. 1926ರಲ್ಲಿ ಮದರಾಸು ಪ್ರಾಂತ್ಯದ ಶಾಸನಸಭೆಗೆ ಮಹಿಳೆಯರು ಸ್ಪರ್ಧಿಸಲು ಅವಕಾಶ ದೊರೆತಾಗ ಕಸಿನ್ಸ್ ಅಭ್ಯರ್ಥಿಯಾಗಿ ನಿಲ್ಲುವಂತೆ ಒತ್ತಾಯಿಸಿದ್ದು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು. ಪ್ರಚಾರಕ್ಕೆ ದೊರೆತದ್ದು ಕೆಲವೇ ದಿನಗಳು. ಕಮಲಾದೇವಿ ಅಲ್ಪ ಮತಗಳ ಅಂತರದಿಂದ ಸೋತರು. ಮರುವರ್ಷ ಪುಣೆಯಲ್ಲಿ ಕಸಿನ್ಸ್ ಅವರ ಕರೆಯಿಂದ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಅದರ ಸಂಘಟನೆಯ ಹೊಣೆಯೂ ಮುಂದೆ ಕಮಲಾದೇವಿಯವರಿಗೆ ಬಂತು.

ಈ ಸಂಬಂಧವನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ಆಗಿನ ಮತದಾನದ ಹಕ್ಕು ಆಸ್ತಿಗೆ ಕಟ್ಟುಬಿದ್ದಿತ್ತು. ಆದ್ದರಿಂದ ಈ ಹೋರಾಟದ ಫಲ ಮೊದಲು ಮುಟ್ಟಿದ್ದು ಉಳ್ಳವರ ಮನೆಯ ಹೆಣ್ಣುಮಕ್ಕಳನ್ನು. ಮೀನು ಮಾರುವವಳನ್ನೂ ಗೇಣಿ ಗದ್ದೆಯಲ್ಲಿ ನಾಟಿ ಮಾಡುವವಳನ್ನೂ ಅಲ್ಲ. ಬಡತನದ ಪ್ರಶ್ನೆ ಮುನ್ನೆಲೆಗೆ ಬಂದದ್ದು ಕಮಲಾದೇವಿಯವರ ಕೈಯಲ್ಲಿ. 1948ರ ಭಾರತೀಯ ಸಹಕಾರ ಒಕ್ಕೂಟ ಮತ್ತು 1952ರ ಅಖಿಲ ಭಾರತ ಕರಕುಶಲ ಮಂಡಳಿಯ ಮೂಲಕ ಅವರು ಕುಶಲಕರ್ಮಿಗಳ ದುಡಿಮೆಗೆ ಮಾರುಕಟ್ಟೆಯನ್ನೂ ಮರ್ಯಾದೆಯನ್ನೂ ತಂದರು. ಕಸಿನ್ಸ್ ಊಹಿಸಿರದ ದಿಕ್ಕು ಇದು. ರಾಷ್ಟ್ರೀಯ ಹೋರಾಟದಲ್ಲಿ ತಮ್ಮ ನೇರ ಪಾತ್ರ ಇನ್ನು ಬೇಕಾಗಿಲ್ಲ, ಭಾರತದ ಮಹಿಳೆಯರೇ ಮುಂದೆ ಬಂದಿದ್ದಾರೆ ಎಂಬ ಅರಿವನ್ನು ಅವರು ಪತಿಯೊಡನೆ ಬರೆದ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಹಿಂದೆ ಸರಿಯುವುದನ್ನೂ ಸೇವೆಯ ಭಾಗವಾಗಿ ಕಂಡದ್ದು ಅವರ ವಿಶೇಷ.

ಮುಂದಿನ ತಲೆಮಾರಿನ ಸ್ವಯಂಸೇವೆ ಹೀಗೆ ವ್ಯಕ್ತಿಯ ವಿವೇಕವನ್ನು ಅವಲಂಬಿಸದೆ ಯೋಜನೆಯಾಗಿ ಬಂತು. ಪೀಸ್ ಕೋರ್ 1961ರಿಂದ 1976ರವರೆಗೆ ಭಾರತದಲ್ಲಿತ್ತು. ಅಂದಿನ ಮೈಸೂರು ರಾಜ್ಯವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಕೋಳಿಸಾಕಣೆ, ಕೃಷಿ, ಪೌಷ್ಟಿಕ ಆಹಾರ, ಆರೋಗ್ಯ ಕ್ಷೇತ್ರಗಳಲ್ಲಿ ಅದರ ಕಾರ್ಯಕರ್ತರು ದುಡಿದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್, ದಾದಿಯಾಗಿದ್ದವರು, ತಮ್ಮ 68ರ ವಯಸ್ಸಿನಲ್ಲಿ ಮುಂಬಯಿ ಬಳಿಯ ವಿಕ್ರೋಲಿಗೆ ಬಂದು ನೆಲೆಸಿದ್ದು ಈ ಯೋಜನೆಯಡಿಯಲ್ಲೇ. ಆದರೆ ಕೆಲಸದ ಹಂಚಿಕೆಯಲ್ಲಿ ಒಂದು ಪೂರ್ವಗ್ರಹ ಅಡಗಿತ್ತು. ಬೀಜ, ಗೊಬ್ಬರ, ಯಂತ್ರಗಳ ತಿಳಿವಳಿಕೆ ಗಂಡಸರಿಗೆ. ಅಡುಗೆ, ಹೊಲಿಗೆ, ಶಿಶುಪಾಲನೆ ಹೆಂಗಸರಿಗೆ. ಹೊಲದ ಕೆಲಸದಲ್ಲಿ ಕಳೆ, ನಾಟಿ, ಕೊಯ್ಲು ಯಾರ ಪಾಲಿನದೆಂದು ಯಾರೂ ಕೇಳಲಿಲ್ಲ.

ಕೇಳಿದವರು ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸೆರಪ್. 1950ರ ದಶಕದ ಕೊನೆಯಲ್ಲಿ ಕೆಲವು ವರ್ಷ ಭಾರತದಲ್ಲಿದ್ದ ಅವರು 1970ರಲ್ಲಿ ಆರ್ಥಿಕ ಅಭಿವೃದ್ಧಿಯಲ್ಲಿ ಮಹಿಳೆಯ ಪಾತ್ರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಹೊಸ ತಂತ್ರಜ್ಞಾನವನ್ನು ಗಂಡಸರಿಗೆ ಮಾತ್ರ ಕಲಿಸಿದಲ್ಲಿ ಗಂಡು ಹೆಣ್ಣಿನ ಉತ್ಪಾದಕತೆಯ ಅಂತರ ಹಿಗ್ಗುತ್ತದೆ, ಹೆಣ್ಣು ಇದ್ದ ನೆಲೆಯನ್ನೂ ಕಳೆದುಕೊಳ್ಳುತ್ತಾಳೆ ಎಂಬುದು ಅವರ ವಾದ. ನೆರವು ಬಡತನವನ್ನು ನೀಗುವ ಬದಲು ಅದನ್ನು ಹೆಣ್ಣಿನ ಕಡೆಗೆ ವರ್ಗಾಯಿಸಬಲ್ಲದು ಎಂಬ ಈ ತಿಳಿವು ಅಭಿವೃದ್ಧಿ ಚಿಂತನೆಯ ದಿಕ್ಕನ್ನೇ ಬದಲಿಸಿತು. 1973ರಲ್ಲಿ ಅಮೆರಿಕವು ವಿದೇಶಿ ನೆರವಿನ ಕಾಯಿದೆಗೆ ತಿದ್ದುಪಡಿ ತಂದು ಮಹಿಳೆಯರನ್ನು ಅಭಿವೃದ್ಧಿಯೊಳಗೆ ಸೇರಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಿತು.

ಇದಕ್ಕಿಂತ ಕಟುವಾದ ಟೀಕೆ 1968ರಲ್ಲೇ ಬಂದಿತ್ತು. ಮೆಕ್ಸಿಕೋದ ಹಳ್ಳಿಗಳಿಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಸಭೆಯಲ್ಲಿ ಇವಾನ್ ಇಲಿಚ್, ಸದುದ್ದೇಶವು ಯಾವ ಸಮರ್ಥನೆಯೂ ಅಲ್ಲವೆಂದು ಸಾರಿ, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬ ಧಾಟಿಯಲ್ಲಿ ಮಾತನಾಡಿದರು. ಅವರ ಆಕ್ಷೇಪದ ತಿರುಳು ಭಾಷೆಗೆ ಸಂಬಂಧಿಸಿದ್ದು: ಜನರ ನುಡಿ ಬಾರದವನಿಗೆ, ತಾನು ಮಾಡಿದ್ದರ ಬಗ್ಗೆ ಆ ಜನ ಏನೆನ್ನುತ್ತಾರೆಂಬುದು ತಿಳಿಯುವ ದಾರಿಯೇ ಇಲ್ಲ. ಈ ವಾದ ಅತಿರೇಕದ್ದೆನಿಸಿದರೂ, ಪ್ರವಾಸದ ಜೊತೆಗೆ ಎರಡು ವಾರದ ಸೇವೆಯನ್ನು ಮಾರುವ ಇಂದಿನ ವ್ಯಾಪಾರವನ್ನು ಕಂಡಾಗ ಅದು ಸೌಮ್ಯವಾಗಿಯೇ ತೋರುತ್ತದೆ. ಕಾಂಬೋಡಿಯಾ, ನೇಪಾಳಗಳಲ್ಲಿ ಇಂಥ ಅಲ್ಪಾವಧಿಯ ಅತಿಥಿಗಳ ಹಣವು ತಂದೆತಾಯಿ ಇರುವ ಮಕ್ಕಳನ್ನೂ ಅನಾಥಾಲಯಗಳಿಗೆ ಎಳೆದದ್ದು ಈಗ ಸ್ಥಾಪಿತ ಸಂಗತಿ.

ಹಾಗಾದರೆ ಕರ್ತೃತ್ವವು ಹೆಣ್ಣಿನಲ್ಲೇ ಉಳಿಯುವ ಮಾದರಿ ಸಾಧ್ಯವೇ? ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಬಂಕರ್ ರಾಯ್ ಸ್ಥಾಪಿಸಿದ ಬೇರ್‌ಫುಟ್ ಕಾಲೇಜಿನ ಪ್ರಯೋಗ ಪಯಣದ ದಿಕ್ಕನ್ನೇ ತಿರುಗಿಸಿತು. ಆಫ್ರಿಕಾದ ಹಳ್ಳಿಗಳ ನಡುವಯಸ್ಸಿನ ಹೆಂಗಸರು, ಅನೇಕರು ಅಜ್ಜಿಯರು, ಹೆಚ್ಚಿನವರು ಓದುಬರಹ ಬಾರದವರು, ಇಲ್ಲಿಗೆ ಬಂದು ಆರು ತಿಂಗಳು ಸೌರದೀಪಗಳ ಜೋಡಣೆ ಮತ್ತು ದುರಸ್ತಿಯನ್ನು ಕಲಿತರು. 2008ರಿಂದ ಭಾರತ ಸರ್ಕಾರ ಅವರ ಪ್ರಯಾಣ ಮತ್ತು ತರಬೇತಿಗೆ ನೆರವು ನೀಡಿತು. ಗಂಡಸರಿಗೆ ಕಲಿಸಿದರೆ ಪ್ರಮಾಣಪತ್ರ ಹಿಡಿದು ಪಟ್ಟಣ ಸೇರುತ್ತಾರೆ, ಅಜ್ಜಿ ಊರಲ್ಲೇ ಉಳಿಯುತ್ತಾಳೆ ಎಂಬುದು ರಾಯ್ ಅವರ ಲೆಕ್ಕಾಚಾರ. ಊರಿನ ಮನೆಗಳು ಸೀಮೆಎಣ್ಣೆ, ಮೇಣದಬತ್ತಿಗೆ ವ್ಯಯಿಸುತ್ತಿದ್ದ ಹಣವನ್ನೇ ತಿಂಗಳ ಶುಲ್ಕವಾಗಿ ಕೊಟ್ಟು ಆಕೆಯ ಸಂಬಳ ಹೊಂದಿಸಬೇಕು. ಕಲಿಸುವವರಿಗೂ ಕಲಿಯುವವರಿಗೂ ಸಮಾನ ಭಾಷೆಯಿರಲಿಲ್ಲ. ಬಣ್ಣಗಳ ಗುರುತು, ಕೈಸನ್ನೆ, ನಾಲ್ಕಾರು ಪದಗಳಲ್ಲಿ ಪಾಠ ನಡೆಯಿತು. ಇಲಿಚ್ ಅವರ ಆಕ್ಷೇಪಕ್ಕೆ ಇದು ಪೂರ್ಣ ಉತ್ತರವಲ್ಲ, ಆದರೆ ಇಲ್ಲಿ ನುಡಿ ಬಾರದೆ ತೊದಲುವವಳು ಮರಳಿ ತನ್ನ ಊರಿಗೇ ಹೋಗಿ ತನ್ನ ನುಡಿಯಲ್ಲೇ ಕೆಲಸ ಮಾಡುತ್ತಾಳೆ.

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ಅನುಭವ ಮಹಿಳಾ ಸಮಖ್ಯದ್ದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ 1989ರಲ್ಲಿ ಉತ್ತರಪ್ರದೇಶ, ಗುಜರಾತ್ ಮತ್ತು ಕರ್ನಾಟಕದಲ್ಲಿ ಆರಂಭವಾದ ಈ ಕಾರ್ಯಕ್ರಮಕ್ಕೆ ನೆದರ್‌ಲೆಂಡ್ಸ್ ಸರ್ಕಾರ ಹಣ ಕೊಟ್ಟಿತು. ಆದರೆ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದಾಡಿದವರು ಸ್ಥಳೀಯ ಹೆಣ್ಣುಮಕ್ಕಳು. ಸುಮಾರು ಹತ್ತು ಹಳ್ಳಿಗೊಬ್ಬಳಂತೆ ನಿಯುಕ್ತಳಾದ ಕಾರ್ಯಕರ್ತೆಗೆ ಇಟ್ಟ ಹೆಸರು ‘ಸಹಯೋಗಿನಿ’. ಸೇವಕಿಯೂ ಅಲ್ಲ, ಅಧಿಕಾರಿಯೂ ಅಲ್ಲ. ಗುರಿಸಂಖ್ಯೆಯನ್ನು ಮೇಲಿನಿಂದ ಹೇರದೆ, ಸಂಘದ ಮಹಿಳೆಯರು ಎತ್ತಿಕೊಂಡ ಪ್ರಶ್ನೆಯಿಂದಲೇ ಕೆಲಸ ಆರಂಭವಾಗಬೇಕೆಂಬುದು ಇದರ ನಿಯಮ. ನಿಧಾನವಾದ, ಅಂಕಿಅಂಶಗಳಿಗೆ ಸುಲಭವಾಗಿ ಸಿಗದ ದಾರಿಯಿದು. ಕೇಂದ್ರದ ಬೆಂಬಲ 2016ರಲ್ಲಿ ನಿಂತಿತು. ಬದಲಿಗೆ ಬಂದದ್ದು ಉಳಿತಾಯ ಮತ್ತು ಸಾಲವನ್ನು ನಡುವಿಗಿಟ್ಟುಕೊಂಡ ಜೀವನೋಪಾಯ ಯೋಜನೆ.

ವಿದೇಶಿ ಸ್ವಯಂಸೇವಕರ ವರದಿಗಳು, ನೆನಪಿನ ಬರಹಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. 1960ರ ದಶಕದಲ್ಲಿ ಮೈಸೂರು ರಾಜ್ಯದ ಹಳ್ಳಿಗಳಲ್ಲಿ ಅವರನ್ನು ಮನೆಯೊಳಗೆ ಬಿಟ್ಟುಕೊಂಡ, ಅವರ ಮುರುಕು ಕನ್ನಡವನ್ನು ತಿದ್ದಿದ, ಕೋಳಿಗೂಡಿನ ಲೆಕ್ಕವನ್ನು ತಮ್ಮದೇ ರೀತಿಯಲ್ಲಿ ಇಟ್ಟುಕೊಂಡ ಹೆಂಗಸರಲ್ಲಿ ಬದುಕಿರುವವರಿಗೆ ಈಗ ಎಂಬತ್ತರ ಆಸುಪಾಸು. ಅವರ ಮಾತು ಧ್ವನಿಮುದ್ರಣಗೊಂಡು ಕನ್ನಡ ವಿಭಾಗಗಳ ಮೌಖಿಕ ಇತಿಹಾಸ ಸಂಗ್ರಹಗಳಿಗೆ ಸೇರಲು ಉಳಿದಿರುವ ಕಾಲ ಹೆಚ್ಚೇನೂ ಇಲ್ಲ.