ವರ್ಷಕ್ಕೆ 2,803

1946ರಲ್ಲಿ ಅಮೆರಿಕದ ಸಂಸತ್ತು ಲೂಸ್-ಸೆಲ್ಲರ್ ಕಾಯ್ದೆಯನ್ನು ಅಂಗೀಕರಿಸಿತು. ಅಲ್ಲಿಯವರೆಗೆ ಭಾರತೀಯರಿಗೆ ಹೆಚ್ಚುಕಡಿಮೆ ಮುಚ್ಚಿಯೇ ಇದ್ದ ಬಾಗಿಲು ಇಷ್ಟರ ಮಟ್ಟಿಗೆ ತೆರೆಯಿತು: ವರ್ಷಕ್ಕೆ 100 ಜನ. ಸುಮಾರು 40 ಕೋಟಿ ಜನರಿದ್ದ ದೇಶಕ್ಕೆ ನೂರು!

1965ರಲ್ಲಿ ಆ ಹಳೆಯ ಕೋಟಾ ಪದ್ಧತಿಯನ್ನು ಕಿತ್ತುಹಾಕಿದರು. ಯುರೋಪಿನ ಬಿಳಿಯರಿಗೆ ಸಾವಿರಾರು, ಏಷ್ಯಾದವರಿಗೆ ಬೆರಳೆಣಿಕೆ ಎಂಬ ತಾರತಮ್ಯ ಹೋಗಬೇಕು, ಎಲ್ಲ ದೇಶಗಳಿಗೂ ಒಂದೇ ಮಿತಿ ಇರಬೇಕು ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. 1990ರ ಕಾಯ್ದೆ ಆ ಮಿತಿಯನ್ನು ಶೇ. 7 ಎಂದು ನಿಗದಿ ಮಾಡಿತು. ಅಂದಿನಿಂದ ನೌಕರಿ ಆಧಾರದ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಹೆಚ್ಚೆಂದರೆ 9,800. ಬೇರೆಯವರು ಬಳಸದೆ ಉಳಿಸಿದ್ದು ಸಿಕ್ಕರೆ ಮೇಲೊಂದಿಷ್ಟು.

ನಮ್ಮ ದಾವಣಗೆರೆ ನಗರದಷ್ಟೂ ಜನರಿಲ್ಲದ ಐಸ್‌ಲ್ಯಾಂಡ್‌ಗೂ ಶೇ. 7, 140 ಕೋಟಿ ದಾಟಿದ ಭಾರತಕ್ಕೂ ಶೇ. 7.

ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಎಂಜಿನಿಯರುಗಳಲ್ಲಿ ಹೆಚ್ಚಿನವರು ನಿಲ್ಲುವುದು ಇಬಿ-2 ಅಥವಾ ಇಬಿ-3 ಎಂಬ ಸಾಲಿನಲ್ಲಿ. ಒಂದೊಂದು ಸಾಲಿಗೆ ಇಡೀ ಜಗತ್ತಿಗೆ ಸೇರಿ ಸುಮಾರು 40,040 ಕಾರ್ಡು, ಅದರಲ್ಲಿ ಶೇ. 7 ಅಂದರೆ 2,803. ಈ 2,803ರಲ್ಲಿ ನೌಕರನ ಹೆಂಡತಿ, ಮಕ್ಕಳೂ ಲೆಕ್ಕ. ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದರೆ ಒಂದೇ ಮನೆಗೆ ನಾಲ್ಕು ಕಾರ್ಡು ಹೋಯಿತು.

ಸಾಲಿನಲ್ಲಿರುವ ಭಾರತೀಯರು ಎಷ್ಟು? ಅಮೆರಿಕದ ನೀತಿ ಅಧ್ಯಯನ ಸಂಸ್ಥೆಯಾದ ಕೇಟೋ ಇನ್‌ಸ್ಟಿಟ್ಯೂಟ್‌ನ ಡೇವಿಡ್ ಬಿಯರ್ 2023ರಲ್ಲಿ ಹಾಕಿದ ಲೆಕ್ಕದಂತೆ ಸುಮಾರು 11 ಲಕ್ಷ. ಈ ಎರಡು ಸಾಲುಗಳ ಕೊನೆಗೆ ಹೊಸದಾಗಿ ಬಂದು ನಿಲ್ಲುವ ಭಾರತೀಯನ ಸರದಿ 134 ವರ್ಷಕ್ಕೆ ಬರುತ್ತದೆ. 2023ರಿಂದ ಅಷ್ಟೇ ವರ್ಷ ಹಿಂದಕ್ಕೆ ಎಣಿಸಿದರೆ ಸಿಗುವುದು 1889. ಆಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಐದು ವರ್ಷ. ಮಾಸ್ತಿ ಇನ್ನೂ ಹುಟ್ಟಿರಲಿಲ್ಲ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬರಲು ಇನ್ನೂ 16 ವರ್ಷ ಬಾಕಿ ಇತ್ತು. ಕಾಯುತ್ತಲೇ ತೀರಿಕೊಳ್ಳುವವರು ನಾಲ್ಕು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಶೇ. 90ಕ್ಕಿಂತ ಹೆಚ್ಚಿನವರು ಭಾರತೀಯರು ಎಂದೂ ಅದೇ ಅಧ್ಯಯನ ಹೇಳುತ್ತದೆ. ಈ ಅಂಕಿ ಓದಿದಾಗ ನಾನು ಅದನ್ನು ಮತ್ತೊಮ್ಮೆ ತಾಳೆ ನೋಡಿದೆ. ಹಾಗೆಯೇ ಇತ್ತು.

ಕಾನೂನು ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂದಲ್ಲ, ಹುಟ್ಟಿದ್ದು ಎಲ್ಲಿ ಎಂದು. ಅಪ್ಪ ಕುವೈತ್‌ನಲ್ಲಿ ಕೆಲಸಕ್ಕಿದ್ದ ಮಂಗಳೂರಿನ ಮನೆಯೊಂದನ್ನು ನೆನೆಸಿಕೊಳ್ಳಿ. ಅಣ್ಣ ಹುಟ್ಟಿದ್ದು ಮಂಗಳೂರಿನಲ್ಲಿ, ತಮ್ಮ ಕುವೈತ್‌ನಲ್ಲಿ. ಇಬ್ಬರದೂ ಭಾರತದ ಪಾಸ್‌ಪೋರ್ಟೇ, ಓದಿದ್ದು ಒಂದೇ ಕಾಲೇಜು, ಸೇರಿದ್ದು ಒಂದೇ ಕಂಪನಿ. ತಮ್ಮನ ಸರದಿ ಎರಡು-ಮೂರು ವರ್ಷದಲ್ಲಿ ಬಂದುಬಿಡುತ್ತದೆ. ಅಣ್ಣ ಭಾರತದ ಸಾಲಿನಲ್ಲೇ ನಿಂತಿರುತ್ತಾನೆ. ಆದರೆ ಅವನ ಹೆಂಡತಿ ದುಬೈನಲ್ಲಿ ಹುಟ್ಟಿದವಳಾದರೆ ಅವಳ ಸಾಲು ಇವನಿಗೂ ಸಿಗುತ್ತದೆ! ಇದು ಕಟ್ಟುಕತೆಯಲ್ಲ, ಕಾನೂನಿನಲ್ಲೇ ಇರುವ ಅವಕಾಶ.

ಪ್ರತಿ ತಿಂಗಳೂ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ಬುಲೆಟಿನ್ ಎಂಬ ಪಟ್ಟಿ ಹೊರಡಿಸುತ್ತದೆ. ಚೀನಾ, ಭಾರತ, ಮೆಕ್ಸಿಕೊ, ಫಿಲಿಪ್ಪೀನ್ಸ್‌ಗೆ ಒಂದೊಂದು ಕಾಲಂ, ಉಳಿದ ಜಗತ್ತಿಗೆಲ್ಲ ಸೇರಿ ಇನ್ನೊಂದು. ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಸಾಲಿಗೆ ಸೇರಿದ ದಿನ, ಪಟ್ಟಿಯ ದಿನಾಂಕಕ್ಕಿಂತ ಹಿಂದಿನದಾಗಿದ್ದರೆ ಸರದಿ ಬಂತು. "ಈ ಸಲ ಡೇಟ್ ಮೂವ್ ಆಯ್ತಾ?" ಎಂದು ಕೇಳದ ಗೆಳೆಯರ ಗುಂಪು ಸ್ಯಾನ್ ಹೊಸೆ ಕಡೆ ಇರಲಿಕ್ಕಿಲ್ಲ. ಡೇಟ್ ಹಿಂದಕ್ಕೂ ಹೋಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಭಾರತದ ಇಬಿ-2 ದಿನಾಂಕ 2014ರ ಡಿಸೆಂಬರ್ 1. ಮರುತಿಂಗಳು 2012ರ ಏಪ್ರಿಲ್ 1. ಒಂದೇ ತಿಂಗಳಲ್ಲಿ ಎರಡು ವರ್ಷ ಎಂಟು ತಿಂಗಳು ಹಿಂದೆ!

ಹಾಗಿದ್ದರೂ ಜನ ಯಾಕೆ ಹೋಗುತ್ತಾರೆ? 2007ರಲ್ಲಿ ಎಚ್-1ಬಿ ಎಂಬ ತಾತ್ಕಾಲಿಕ ನೌಕರಿ ವೀಸಾದ ಅರ್ಜಿಗಳು ಮಿತಿ ಮೀರಿದ್ದರಿಂದ ಲಾಟರಿ ಎತ್ತಿದರು. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ಲೆಮೆನ್ಸ್ ಒಂದೇ ಭಾರತೀಯ ಸಾಫ್ಟ್‌ವೇರ್ ಕಂಪನಿಯಲ್ಲಿ ಲಾಟರಿ ಹತ್ತಿದವರನ್ನೂ ಹತ್ತದವರನ್ನೂ ಹೋಲಿಸಿ ನೋಡಿದರು. ಅದೃಷ್ಟ ಬಿಟ್ಟರೆ ಇಬ್ಬರ ನಡುವೆ ಬೇರೆ ವ್ಯತ್ಯಾಸವಿಲ್ಲ. ಆದರೂ ಕೂತು ಕೆಲಸ ಮಾಡುವ ಜಾಗ ಬದಲಾದ ಮಾತ್ರಕ್ಕೆ ಸಂಬಳ ಆರು ಪಟ್ಟಾಗಿತ್ತು. ಜಾಣತನ, ದುಡಿಮೆಯ ಬಗ್ಗೆ ನಾವು ಆಡುವ ಎಷ್ಟೋ ಮಾತು ಈ ಒಂದು ಅಂಕಿಯ ಮುಂದೆ ನಿಲ್ಲುವುದಿಲ್ಲ.

ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಅರ್ಜಿಗೆ ಒಪ್ಪಿಗೆ ಸಿಕ್ಕವರ ಎಚ್-1ಬಿಯನ್ನು ಮೂರು ಮೂರು ವರ್ಷ ಮುಂದುವರಿಸುತ್ತಾ ಹೋಗಬಹುದು. ಹಾಗಾಗಿ ದೊಡ್ಡವರು ಹೇಗೋ ದಿನ ದೂಡುತ್ತಾರೆ. ಆದರೂ ಹಾಸನದಲ್ಲಿ ಅಪ್ಪನಿಗೆ ಹುಷಾರಿಲ್ಲ ಎಂದು ಓಡಿ ಬಂದವರು ಮರಳಿ ಹೋಗಲು ಬೇಕಾದ ವೀಸಾ ಸ್ಟ್ಯಾಂಪಿಂಗ್‌ಗೆ ಸ್ಲಾಟ್ ಸಿಗದೆ ಇಲ್ಲೇ ಸಿಕ್ಕಿಕೊಂಡಿರುತ್ತಾರೆ. ನನಗೆ ಹೆಚ್ಚು ನೋವಾಗುವುದು ಮಕ್ಕಳ ವಿಷಯದಲ್ಲಿ. ಎರಡು ವರ್ಷದ ಮಗುವಾಗಿ ಹೋದವಳು, ಅಲ್ಲೇ ಓದಿ ಬೆಳೆದವಳು, 21 ತುಂಬಿದೊಡನೆ ಅಪ್ಪನ ಅರ್ಜಿಯಿಂದ ಹೊರಬೀಳುತ್ತಾಳೆ. ಮುಂದೆ ಅವಳದೇ ವೀಸಾ ಬೇಕು, ಇಲ್ಲವೇ ನೆನಪೂ ಇಲ್ಲದ ಊರಿಗೆ ವಾಪಸ್ಸಾಗಬೇಕು. ಇಂಥ ಅಪಾಯದಲ್ಲಿರುವ ಭಾರತೀಯ ಮಕ್ಕಳು ಒಂದು ಲಕ್ಷಕ್ಕೂ ಹೆಚ್ಚು.

ನೀತಿ ಬದಲಾಗುವ ಹೊಸ್ತಿಲವರೆಗೂ ಬಂದಿತ್ತು. 2019ರ ಜುಲೈನಲ್ಲಿ ನೌಕರಿ ಸಾಲಿನಲ್ಲಿ ಶೇ. 7ರ ಮಿತಿ ತೆಗೆಯುವ ಮಸೂದೆಗೆ ಕೆಳಮನೆಯಲ್ಲಿ 365 ಮತ ಬಿತ್ತು, ವಿರೋಧ 65. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ರೂಪವನ್ನು ಅವಿರೋಧವಾಗಿ ಒಪ್ಪಿತು. ಎರಡನ್ನೂ ಹೊಂದಿಸುವಷ್ಟರಲ್ಲಿ ಸಂಸತ್ತಿನ ಅವಧಿ ಮುಗಿದುಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಗಾಳಿ ತಿರುಗಿ, ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು.

ಆದರೆ ಮಿತಿ ತೆಗೆದರೂ 1,40,000 ಹೆಚ್ಚುವುದಿಲ್ಲ. ಭಾರತೀಯರ ಸರದಿ ಚುರುಕಾದಷ್ಟು ಬೇರೆ ದೇಶದವರದು ತಡವಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ವ್ಯರ್ಥವಾದ ಕಾರ್ಡುಗಳನ್ನು ಮರಳಿ ಪಡೆಯುವುದು ಇನ್ನೊಂದು ದಾರಿ. 2021ರ ಸೆಪ್ಟೆಂಬರ್ 30ರ ರಾತ್ರಿ, ಹಣಕಾಸು ವರ್ಷ ಮುಗಿಯಿತೆಂದು ಸುಮಾರು 66,000 ಕಾರ್ಡುಗಳು ಯಾರಿಗೂ ಸಿಗದೆ ರದ್ದಾದವು. 2,803ರ ಲೆಕ್ಕದಲ್ಲಿ ಅದು 23 ವರ್ಷದ ಪಾಲು. ನನಗೆ ಎಲ್ಲಕ್ಕಿಂತ ನ್ಯಾಯವೆನಿಸುವುದು ಹೆಂಡತಿ ಮಕ್ಕಳನ್ನು ಎಣಿಕೆಯಿಂದ ಬಿಡುವುದು. ಕಾರ್ಡುಗಳಲ್ಲಿ ಹತ್ತಿರ ಹತ್ತಿರ ಅರ್ಧ ಅವರಿಗೇ ಹೋಗುತ್ತಿರುವುದರಿಂದ, ಯಾರ ಪಾಲನ್ನೂ ಕಸಿಯದೆ ಸಾಲು ಸುಮಾರು ಎರಡು ಪಟ್ಟು ವೇಗವಾಗಿ ಸಾಗುತ್ತದೆ. 2021ರ ವಲಸೆ ಸುಧಾರಣಾ ಮಸೂದೆಯಲ್ಲಿ ಈ ಅಂಶ ಇತ್ತು. ಆ ಮಸೂದೆ ಮತಕ್ಕೇ ಬರಲಿಲ್ಲ.