ಮರಳುನಾಡಿನ ಪ್ರಯಾಣಕ್ಕೆ ಯಾವ ತಿಂಗಳು ಹಿತ?

ವಿದ್ಯಾರಣ್ಯಪುರದ ಬಿ.ಇ.ಎಲ್. ಬಡಾವಣೆಯಲ್ಲಾಗಲಿ, ಪಕ್ಕದ ಯಲಹಂಕ, ಸಹಕಾರನಗರಗಳಲ್ಲಾಗಲಿ, ನಿವೃತ್ತ ದಂಪತಿಗಳಿರುವ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ದುಬೈ, ದೋಹಾ, ಕುವೈತ್, ಮಸ್ಕತ್ ಎಂದು ಕೊಲ್ಲಿ ದೇಶಗಳಲ್ಲಿ ನೆಲೆಸಿರುವುದು ಅಪರೂಪವಲ್ಲ. 'ಅಮ್ಮಾ, ಅಪ್ಪನನ್ನೂ ಕರೆದುಕೊಂಡು ಬಂದು ಎರಡು ತಿಂಗಳು ಇದ್ದು ಹೋಗಿ' ಎಂದು ಮಕ್ಕಳು ಕರೆಯುತ್ತಾರೆ. ಹೊರಡುವ ತಿಂಗಳನ್ನು ಗೊತ್ತು ಮಾಡುವಾಗ ಸಾಮಾನ್ಯವಾಗಿ ನೋಡುವುದು ಮೂರೇ ಸಂಗತಿ: ಮೊಮ್ಮಕ್ಕಳ ಶಾಲೆಯ ರಜೆ, ಮಗನ ಕಚೇರಿಯ ರಜೆ, ವಿಮಾನದ ಟಿಕೆಟ್ ದರ. ಹೋಗುವವರ ವಯಸ್ಸೆಷ್ಟು, ದಿನಕ್ಕೆ ಯಾವ ಯಾವ ಮಾತ್ರೆ ನುಂಗುತ್ತಾರೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆರೋಗ್ಯದ ದೃಷ್ಟಿಯಿಂದ ಮೊದಲು ನೋಡಬೇಕಾದದ್ದು ಅದನ್ನೇ.

ಈ ಮೂರು ಲೆಕ್ಕಗಳೂ ಅನೇಕ ವೇಳೆ ಜುಲೈ, ಆಗಸ್ಟ್ ತಿಂಗಳುಗಳನ್ನೇ ತೋರಿಸುತ್ತವೆ. ಅಲ್ಲಿನ ಭಾರತೀಯ ಶಾಲೆಗಳಿಗೆ ಬೇಸಿಗೆ ರಜೆ ಆಗಲೇ. ಹೋಟೆಲುಗಳು ದರ ಇಳಿಸುವುದೂ ಆಗಲೇ. ಆದರೆ ವರ್ಷದಲ್ಲಿ ವೃದ್ಧರ ದೇಹಕ್ಕೆ ಅತ್ಯಂತ ಕಷ್ಟದ ಕಾಲವೂ ಅದೇ.

ಬೆಂಗಳೂರಿನ ದೇಹ, ಕೊಲ್ಲಿಯ ಬಿಸಿಲು

ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಏಪ್ರಿಲಿನ ಕಡು ಬೇಸಿಗೆಯಲ್ಲೂ ರಾತ್ರಿಯಾದರೆ ಸ್ವಲ್ಪ ತಂಪಾಗುತ್ತದೆ. ಬೆಂಗಳೂರು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾದ 2016ರ ಏಪ್ರಿಲ್ 24ರ ದಿನವನ್ನು ಜನ ಇನ್ನೂ ನೆನೆಯುತ್ತಾರೆ. ದುಬೈಯಲ್ಲಿ ಜುಲೈ-ಆಗಸ್ಟ್‌ನ ಸಾಧಾರಣ ದಿನವೇ 41 ಡಿಗ್ರಿಯ ಆಸುಪಾಸು. ರಾತ್ರಿಯೂ ಅಲ್ಲಿ 30 ಡಿಗ್ರಿಗಿಂತ ಕೆಳಗಿಳಿಯುವುದು ಕಷ್ಟ. ಕುವೈತಿನ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಯಿತು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಪರಿಶೀಲಿಸಿ ಒಪ್ಪಿದೆ.

ಆದರೆ ಥರ್ಮಾಮೀಟರಿನ ಅಂಕಿಯೊಂದೇ ಪೂರ್ತಿ ಕಥೆಯಲ್ಲ. ದೇಹ ತನ್ನ ಶಾಖವನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಬೆವರು ಸುರಿದರಷ್ಟೇ ಸಾಲದು, ಅದು ಆರಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಅಂಥ ಪ್ರಯೋಜನವಿಲ್ಲ.

ಮರುಭೂಮಿ ಎಂದರೆ ಒಣಹವೆ ಎಂದು ನಾವು ತಿಳಿದಿದ್ದೇವೆ. ಒಳನಾಡಿನ ಮಟ್ಟಿಗೆ ಅದು ನಿಜ. ದುಬೈ, ದೋಹಾ, ಮನಾಮಾ ಮುಂತಾದವು ಕಡಲತಡಿಯ ಊರುಗಳು. ಬೇಸಿಗೆಯಲ್ಲಿ ಕೊಲ್ಲಿಯ ನೀರೇ ಬೆಚ್ಚಗಾಗಿ ಗಾಳಿಯಲ್ಲಿ ತೇವಾಂಶ ತುಂಬಿಕೊಳ್ಳುತ್ತದೆ. ನಮ್ಮ ಮಂಗಳೂರಿನ ಮೇ ತಿಂಗಳ ಸೆಕೆಗೆ ಇನ್ನೂ ಆರೇಳು ಡಿಗ್ರಿ ಸೇರಿಸಿಕೊಂಡರೆ ಅಲ್ಲಿನ ಆಗಸ್ಟ್ ಸಂಜೆಯ ಕಲ್ಪನೆ ಬಂದೀತು. ಬೆವರು ಆರುವುದೇ ಇಲ್ಲ. ಸೂರ್ಯ ಮುಳುಗಿದ ಮೇಲೂ ದೇಹಕ್ಕೆ ವಿಶ್ರಾಂತಿ ಇಲ್ಲ. 'ಸಂಜೆ ಬಿಸಿಲಿಳಿದ ಮೇಲೆ ವಾಕಿಂಗ್ ಹೋಗುತ್ತೇವೆ' ಎಂಬ ನಮ್ಮೂರ ಲೆಕ್ಕ ಅಲ್ಲಿ ತಪ್ಪುವುದು ಇಲ್ಲಿಯೇ.

ಹೊಸ ಶಾಖಕ್ಕೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆರೋಗ್ಯವಂತ ಕಾರ್ಮಿಕರಿಗೂ ಅಲ್ಲಿನ ಸರ್ಕಾರಗಳು ರಕ್ಷಣೆ ಕೊಟ್ಟಿವೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಗಟ್ಟಿಮುಟ್ಟಾದ ಯುವಕರಿಗೇ ಬೇಡವೆಂದ ಹೊತ್ತಿನಲ್ಲಿ ಎಪ್ಪತ್ತರ ಅಜ್ಜಿ ತಾತಂದಿರು ಊರು ನೋಡಲು ಹೊರಡುವುದು ಸರಿಯಲ್ಲ.

ತಿಂಗಳುಗಳ ಲೆಕ್ಕ

ನವೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ: ಎಲ್ಲ ವಯಸ್ಸಿನವರಿಗೂ ಉತ್ತಮ ಕಾಲ. ಜನವರಿಯಲ್ಲಿ ದುಬೈಯ ಹಗಲು ಸುಮಾರು 24 ಡಿಗ್ರಿ, ರಾತ್ರಿ 14 ಡಿಗ್ರಿ. ಹೆಚ್ಚುಕಡಿಮೆ ನಮ್ಮ ಚಳಿಗಾಲವೇ. ನವೆಂಬರಿನಲ್ಲಿ ಹೋದರೆ ಅಲ್ಲಿನ ಕನ್ನಡ ಸಂಘಗಳ ರಾಜ್ಯೋತ್ಸವವನ್ನೂ ನೋಡಬಹುದು. ಡಿಸೆಂಬರಿನ ಕೊನೆಯಲ್ಲಿ ಮೊಮ್ಮಕ್ಕಳಿಗೆ ಚಳಿಗಾಲದ ರಜೆ ಸಿಗುತ್ತದೆ, ಆದರೆ ಟಿಕೆಟ್ ದುಬಾರಿ. ಜನವರಿ ಎರಡನೆಯ ವಾರದ ನಂತರ ದರ ಇಳಿಯುವುದುಂಟು. ಕುವೈತ್ ಮತ್ತು ಸೌದಿಯ ಒಳನಾಡಿನಲ್ಲಿ ಚಳಿ ಇನ್ನೂ ಜೋರು. ಸ್ವೆಟರ್, ಮಫ್ಲರ್ ಬೇಕು.

ಈ ಕಾಲಕ್ಕೂ ತನ್ನದೇ ತೊಂದರೆಗಳಿವೆ. ಫ್ಲೂ ಜ್ವರ ಹರಡುವುದು ಆಗಲೇ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ಹೊರಡುವ ಎರಡು ವಾರ ಮೊದಲೇ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಏಪ್ರಿಲ್ ಮತ್ತು ಅಕ್ಟೋಬರ್: ನಡುವಿನ ಕಾಲ. ಆರೋಗ್ಯ ಚೆನ್ನಾಗಿರುವವರು ಹೋಗಬಹುದು. ಬೆಳಿಗ್ಗೆ ಮತ್ತು ರಾತ್ರಿ ಮಾತ್ರ ಹೊರಗಿನ ಓಡಾಟ ಇಟ್ಟುಕೊಳ್ಳಬೇಕು. ವಸಂತದಲ್ಲಿ ಧೂಳಿನ ಬಿರುಗಾಳಿ ಏಳುವುದುಂಟಾದ್ದರಿಂದ ಉಬ್ಬಸದವರು ಇನ್ಹೇಲರ್ ಬಿಟ್ಟು ಹೊರಗೆ ಕಾಲಿಡಬಾರದು.

ಮೇ ತಿಂಗಳಿನಿಂದ ಸೆಪ್ಟೆಂಬರ್ ಕೊನೆಯವರೆಗೆ: ಕಾಯಿಲೆಯಿರುವ ಹಿರಿಯರು, ಗರ್ಭಿಣಿಯರು, ಹಸುಗೂಸುಗಳು ಹೋಗದಿರುವುದೇ ಲೇಸು.

ಇದಕ್ಕೆ ಒಂದು ಸೊಗಸಾದ ಅಪವಾದವಿದೆ. ಓಮಾನ್ ದೇಶದ ದಕ್ಷಿಣದ ಸಲಾಲಾ ಪ್ರಾಂತಕ್ಕೆ ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಮುಂಗಾರಿನ ಅಂಚು ತಾಗುತ್ತದೆ. ನಮಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿ ತುಂತುರಾಗಿ ಬೆಟ್ಟಗಳನ್ನು ಹಸುರು ಮಾಡುತ್ತದೆ. ಅಲ್ಲಿನವರು ಇದನ್ನು 'ಖರೀಫ್' ಎನ್ನುತ್ತಾರೆ. ಉಳಿದ ಕೊಲ್ಲಿ ಕುದಿಯುತ್ತಿರುವಾಗ ಸಲಾಲಾ ತಂಪಾಗಿರುತ್ತದೆ. ಮಕ್ಕಳು ಮಸ್ಕತ್‌ನಲ್ಲಿದ್ದು ರಜೆ ಜುಲೈಯಲ್ಲೇ ಸಿಗುವುದಾದರೆ ಈ ದಾರಿಯನ್ನು ಯೋಚಿಸಬಹುದು.

ಯಾವ ಮಾತ್ರೆಯವರು ಹೆಚ್ಚು ಎಚ್ಚರ ವಹಿಸಬೇಕು?

ವಯಸ್ಸಾದಂತೆ ಬಾಯಾರಿಕೆಯ ಸೂಚನೆ ಮಂದವಾಗುತ್ತದೆ. ಬೆವರುವ ಶಕ್ತಿಯೂ ಕುಗ್ಗುತ್ತದೆ. ಇದರ ಮೇಲೆ ನಿತ್ಯದ ಔಷಧಿಗಳ ಪರಿಣಾಮ ಸೇರುತ್ತದೆ. ರಕ್ತದೊತ್ತಡಕ್ಕೆ ಮತ್ತು ಕಾಲು ಊತಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರು ಮತ್ತು ಲವಣವನ್ನು ಇಳಿಸುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದವು ಹೃದಯ ಬಡಿತವನ್ನು ತಗ್ಗಿಸುವುದರಿಂದ ಚರ್ಮಕ್ಕೆ ಹೆಚ್ಚು ರಕ್ತ ಕಳುಹಿಸಿ ತಣಿಸಿಕೊಳ್ಳುವ ದೇಹದ ಪ್ರಯತ್ನಕ್ಕೆ ಅಡ್ಡಿಯಾಗಬಹುದು. ಸಕ್ಕರೆ ಕಾಯಿಲೆಗೆ ಈಗ ಬಹಳವಾಗಿ ಬರೆಯುತ್ತಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಪ್ರಾಸ್ಟೇಟ್ ತೊಂದರೆಯ ಹಿರಿಯರು ಪದೇ ಪದೇ ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೇ ಕಡಿಮೆ ಕುಡಿಯುತ್ತಾರೆ. ಮಗನ ಮನೆಯಲ್ಲಿ ಸಂಕೋಚ ಇನ್ನೂ ಹೆಚ್ಚು.

ಹಾಗೆಂದು ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಕೂಡದು. ಪ್ರಯಾಣಕ್ಕೆ ಒಂದು ತಿಂಗಳು ಮುಂಚೆ ನಿಮ್ಮ ವೈದ್ಯರನ್ನು ಕಂಡು, ಹೋಗುವ ದೇಶ ಮತ್ತು ತಿಂಗಳು ಎರಡನ್ನೂ ಹೇಳಿ. ದಿನಕ್ಕೆಷ್ಟು ನೀರು ಕುಡಿಯಬೇಕೆಂದು ಕೇಳಿ ಬರೆಸಿಕೊಳ್ಳಿ. ಹೃದಯ ದುರ್ಬಲವಾಗಿರುವವರಿಗೆ, ಮೂತ್ರಪಿಂಡದ ಕಾಯಿಲೆಯವರಿಗೆ ಹೆಚ್ಚು ನೀರೂ ಅಪಾಯವೇ.

ಬಾಣಂತನಕ್ಕೆ ಹೋಗುವ ತಾಯಂದಿರಿಗೆ

ಎಲ್ಲ ಪ್ರಯಾಣಕ್ಕೂ ಕಾಲ ಆರಿಸುವ ಸ್ವಾತಂತ್ರ್ಯ ಇರುವುದಿಲ್ಲ. ಮಗಳ ಹೆರಿಗೆ ಜುಲೈಯಲ್ಲಾದರೆ ತಾಯಿ ಜುಲೈಯಲ್ಲೇ ಹೋಗಬೇಕು. ಅಂಥವರು ಸಾಧ್ಯವಾದರೆ ಎರಡು ವಾರ ಮುಂಚೆಯೇ ತಲುಪಿ, ದೇಹ ಒಗ್ಗಿದ ಮೇಲೆ ಕೆಲಸಕ್ಕೆ ತೊಡಗುವುದು ಮೇಲು.

ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಇದನ್ನು ಮರಳುನಾಡಿಗೆ ಕೊಂಡೊಯ್ಯಬೇಡಿ. ಹಾಲೂಡಿಸುವ ತಾಯಿಗೆ ಎಲ್ಲಿದ್ದರೂ ನೀರು ಹೆಚ್ಚೇ ಬೇಕು. ಆ ಬೇಸಿಗೆಯಲ್ಲಂತೂ ಕೊರತೆಯಾದರೆ ಮೂತ್ರದ ಸೋಂಕು, ಮಲಬದ್ಧತೆ, ನಿತ್ರಾಣ ಕಾದಿರುತ್ತವೆ. ಕಿಟಕಿ ಮುಚ್ಚಿದ ಎ.ಸಿ. ಮನೆಯಲ್ಲಿ ಸಾಂಬ್ರಾಣಿ ಹೊಗೆ ಹಾಕುವುದೂ ಬೇಡ. ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಮಗುವಿನ ಉಸಿರಿಗೆ ತೊಂದರೆ. ಕೂಸಿಗೆ ಟೋಪಿ, ಸ್ವೆಟರ್ ಹಾಕಿ ದಪ್ಪ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವ ಬದಲು ತೆಳು ಹತ್ತಿಬಟ್ಟೆ ಸಾಕು, ಎ.ಸಿ. ಗಾಳಿ ಮಗುವಿನ ಮೇಲೆ ನೇರವಾಗಿ ಬೀಳದಿದ್ದರೆ ಆಯಿತು. ಆರು ತಿಂಗಳವರೆಗೆ ಕೂಸಿಗೆ ಎದೆಹಾಲೇ ನೀರು. ಬೇಸಿಗೆಯೆಂದು ಬೇರೆ ನೀರು ಕುಡಿಸಬೇಕಾಗಿಲ್ಲ.

ಯಾತ್ರೆಗೆ ಹೋಗುವವರು

ಹಜ್ ಯಾತ್ರೆಯ ದಿನಗಳನ್ನು ಯಾತ್ರಿಕರು ಆರಿಸುವಂತಿಲ್ಲ. ಚಾಂದ್ರಮಾನದಂತೆ ಅದು ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2024ರ ಜೂನಿನಲ್ಲಿ ಮೆಕ್ಕಾದಲ್ಲಿ ಉಷ್ಣತೆ 51.8 ಡಿಗ್ರಿ ಮುಟ್ಟಿದಾಗ 1,300ಕ್ಕೂ ಹೆಚ್ಚು ಯಾತ್ರಿಕರು ಸತ್ತರು. ಅವರಲ್ಲಿ ಬಹುಪಾಲು ಜನ ಅಧಿಕೃತ ಅನುಮತಿಯಿಲ್ಲದೆ ಹೋಗಿ, ನೆರಳು, ವಾಹನಗಳ ಸೌಲಭ್ಯವಿಲ್ಲದೆ ಬಿಸಿಲಲ್ಲಿ ನಡೆದವರು. ಹಜ್ ಈಗ ವಸಂತದ ಕಡೆಗೆ, ಮುಂದೆ ಚಳಿಗಾಲದ ಕಡೆಗೆ ಸಾಗುತ್ತಿದೆ. ಇನ್ನು ಕೆಲವು ವರ್ಷ ಕಾಯಬಲ್ಲವರಿಗೆ ಇದು ಅನುಕೂಲ. ಉಮ್ರಾಕ್ಕೆ ಹೋಗುವವರಂತೂ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ದಿನ ಆರಿಸಿಕೊಳ್ಳಬಹುದು. ಯಾವ ಕಾಲವಾದರೂ ಅಧಿಕೃತ ವ್ಯವಸ್ಥೆಯಲ್ಲೇ ಹೋಗುವುದು ಕ್ಷೇಮ.

ಉಷ್ಣಾಘಾತವನ್ನು ಗುರುತಿಸುವುದು

ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ, ಗಾಢ ಹಳದಿ ಮೂತ್ರ. ಈ ಹಂತದಲ್ಲಿ ತಂಪಾದ ಕಡೆ ಮಲಗಿಸಿ, ಓ.ಆರ್.ಎಸ್. ದ್ರಾವಣವನ್ನು ಗುಟುಕು ಗುಟುಕಾಗಿ ಕೊಟ್ಟರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮಟ್ಟವಾಗಿ ಅಳೆದು ಕದಡಿ. ನಮ್ಮ ನೀರುಮಜ್ಜಿಗೆಯೂ ಒಳ್ಳೆಯದೇ.

ಮಾತು ತೊದಲಿದರೆ, ಗೊಂದಲಗೊಂಡರೆ, ಪ್ರಜ್ಞೆ ತಪ್ಪಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಉಷ್ಣಾಘಾತ. ದೇಹದ ಉಷ್ಣತೆ ಆಗ 40 ಡಿಗ್ರಿ ದಾಟಿರುತ್ತದೆ; ಜೀವಕ್ಕೇ ಅಪಾಯ. ಬೆವರು ನಿಂತಿರಬಹುದು, ನಿಲ್ಲದೆಯೂ ಇರಬಹುದು. ಬಾಯಿಗೆ ನೀರು ಹಾಕಬೇಡಿ, ಪ್ಯಾರಾಸಿಟಮಾಲ್ ಕೊಡಬೇಡಿ. ಅದರಿಂದ ಈ ಶಾಖ ಇಳಿಯದು. ಆಂಬುಲೆನ್ಸ್ ಕರೆದು, ಅದು ಬರುವವರೆಗೆ ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ಕಂಕುಳು, ಕುತ್ತಿಗೆ, ತೊಡೆಸಂದಿಗೆ ಮಂಜುಗಡ್ಡೆ ಒತ್ತಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಆಂಬುಲೆನ್ಸ್ ಸಂಖ್ಯೆ 998. ಬೇರೆ ದೇಶವಾದರೆ ತಲುಪಿದ ದಿನವೇ ಮಕ್ಕಳಿಂದ ಸಂಖ್ಯೆ ಬರೆಸಿಕೊಂಡು ಜೇಬಿನಲ್ಲಿಡಿ.

ಪೆಟ್ಟಿಗೆ ಕಟ್ಟುವಾಗ

* ಔಷಧಿಗಳನ್ನು ಮೂಲ ಪಟ್ಟಿಯಲ್ಲೇ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಡಿ. ನರಗಳ ಉರಿಗೆ ಕೊಡುವ ಪ್ರೆಗಾಬಾಲಿನ್, ನೋವಿಗೆ ಕೊಡುವ ಟ್ರಮಡಾಲ್, ನಿದ್ರೆಗೆ ಕೊಡುವ ಅಲ್ಪ್ರಜೋಲಾಮ್, ಕೋಡೀನ್ ಇರುವ ಕೆಮ್ಮಿನ ಸಿರಪ್ ಕೊಲ್ಲಿಯ ದೇಶಗಳಲ್ಲಿ ನಿಯಂತ್ರಿತ ಔಷಧಿಗಳು. ಮುಂಚಿತವಾಗಿ ಅನುಮತಿ ಪಡೆಯದೆ ಒಯ್ಯಬೇಡಿ.
* ಪಾಯಸಕ್ಕೆಂದು ಗಸಗಸೆ ಕಟ್ಟಿಕೊಳ್ಳಲೇಬೇಡಿ. ಅಲ್ಲಿ ಅದು ನಿಷಿದ್ಧ ವಸ್ತು. ಜೈಲು ಸೇರುವ ಪ್ರಸಂಗ ಬಂದೀತು.
* ಇನ್ಸುಲಿನ್ ಕೈಚೀಲದಲ್ಲಿರಲಿ. ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಕೆಲವೇ ನಿಮಿಷಗಳಲ್ಲಿ ಕಾರು ಒಲೆಯಂತಾಗುತ್ತದೆ. ಮಕ್ಕಳನ್ನೂ ಕಾರಿನಲ್ಲಿ ಬಿಟ್ಟು ಇಳಿಯಬಾರದು.
* ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ, ಕುವೈತ್, ಸೌದಿ, ಕತಾರ್‌ಗಳದು ಎರಡೂವರೆ ಗಂಟೆ ಹಿಂದೆ. ಮಾತ್ರೆ, ಇನ್ಸುಲಿನ್ ವೇಳೆಯನ್ನು ವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಿ.
* ಎ.ಸಿ. 24ರಿಂದ 26 ಡಿಗ್ರಿಯಲ್ಲಿರಲಿ. ಮಾಲ್‌ಗಳಲ್ಲಿ ಚಳಿ ಹೆಚ್ಚು, ಶಾಲು ಜತೆಗಿರಲಿ.
* ಸಕ್ಕರೆ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆಯವರು ಒಂಟೆಗಳ ಹತ್ತಿರ ಹೋಗುವುದು, ಅದರ ಹಸಿ ಹಾಲು ಕುಡಿಯುವುದು ಬೇಡ. 2012ರಲ್ಲಿ ಪತ್ತೆಯಾದ ಮರ್ಸ್ ವೈರಸ್ ಒಂಟೆಗಳಿಂದ ಹರಡಬಲ್ಲದು.
* ಪ್ರಯಾಣ ವಿಮೆ ಮಾಡಿಸುವಾಗ ಹಳೆಯ ಕಾಯಿಲೆಗಳಿಗೂ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ.

ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು. ಎ.ಸಿ. ಮನೆ, ಎ.ಸಿ. ಕಾರು, ಎ.ಸಿ. ಕಚೇರಿಯ ನಡುವೆ ಓಡಾಡುವ ನಿಮಗೆ ಅಲ್ಲಿನ ಬೇಸಿಗೆ ಅಷ್ಟು ತಾಕದಿರಬಹುದು. ನೀವು ಕೆಲಸಕ್ಕೆ ಹೋದ ಮೇಲೆ ಅಪ್ಪ ತಮ್ಮ ಹಳೆಯ ಅಭ್ಯಾಸದಂತೆ ಒಂದು ಸುತ್ತು ನಡೆದು ಬರುತ್ತೇನೆಂದು ಹೊರಡುತ್ತಾರೆ. ಸುಸ್ತಾದರೂ ನಿಮ್ಮ ಬಳಿ ಹೇಳುವುದಿಲ್ಲ. ಮಗನಿಗೆ ಖರ್ಚು, ತೊಂದರೆ ಎಂದುಕೊಳ್ಳುತ್ತಾರೆ. ಟಿಕೆಟ್ಟಿನಲ್ಲಿ ಉಳಿಯುವ ನಾಲ್ಕು ಸಾವಿರ ರೂಪಾಯಿ ಆಸ್ಪತ್ರೆಯ ಒಂದು ರಾತ್ರಿಗೂ ಸಾಲದು. ಆದ್ದರಿಂದ ತಿಂಗಳನ್ನು ಗೊತ್ತು ಮಾಡುವಾಗ ಮನೆಯ ಅತ್ಯಂತ ಹಿರಿಯ ಪ್ರಯಾಣಿಕರ ದೇಹವನ್ನು ಮೊದಲು ಕೇಳಿ, ಕ್ಯಾಲೆಂಡರನ್ನು ಆಮೇಲೆ ನೋಡಿ. ಕಾರ್ತಿಕ ಕಳೆದ ಮೇಲೆ ಹೊರಟು ಯುಗಾದಿಗೆ ಮುಂಚೆ ಹಿಂತಿರುಗುವಂತೆ ಟಿಕೆಟ್ ಮಾಡಿಸಿದರೆ ಹೋದವರಿಗೂ ಸುಖ, ಕರೆಸಿಕೊಂಡವರಿಗೂ ನೆಮ್ಮದಿ.